ಮರುನಿರ್ಮಾಣವೂ ಪಾಠಪರಂಪರೆಯೂ: ಮುಂಬಯಿಗೆ ಬಂದ ಜಪಾನೀ ಕಥನಕ್ರೀಡೆಗಳು

1

ಒಂದು ಕೃತಿಗೆ ಹಲವು ಪಾಠಗಳಿರುವಾಗ ಓದುಗನ ಕೈಸೇರುವುದು ಯಾವುದು, ಉಳಿದವುಗಳ ಗತಿಯೇನು ಎಂಬ ಪ್ರಶ್ನೆ ಪ್ರಾಚೀನ ಕಾವ್ಯಗಳ ಅಭ್ಯಾಸಿಗಳಿಗೆ ಹೊಸದಲ್ಲ. ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಶಾಸ್ತ್ರವನ್ನು ಡಿ. ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ್ದಾರೆ. ಆ ಶಾಸ್ತ್ರದ ಕೆಲವು ಪರಿಕಲ್ಪನೆಗಳನ್ನು ತಾಳೆಗರಿಯಿಂದ ಬಹುದೂರವಿರುವ ಒಂದು ಕ್ಷೇತ್ರಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಜಪಾನಿನಲ್ಲಿ 1980–90ರ ದಶಕಗಳಲ್ಲಿ ಹುಟ್ಟಿ, ಪಶ್ಚಿಮಕ್ಕಾಗಿ ಇಂಗ್ಲಿಷಿಗೆ ಬಂದು, ಈಗ ಮೊಬೈಲ್ ಫೋನಿನಲ್ಲಿ ಮರುನಿರ್ಮಾಣಗೊಂಡು ಮುಂಬಯಿಯ ತರುಣರ ಕೈಸೇರಿರುವ ‘ರೋಲ್ ಪ್ಲೇಯಿಂಗ್ ಗೇಮ್’ಗಳೇ ಆ ಕ್ಷೇತ್ರ. ಕಥೆ, ಸಂಭಾಷಣೆ, ಯಾತ್ರೆ ಮತ್ತು ಯುದ್ಧಗಳನ್ನು ಆಟಗಾರನೇ ನಡೆಸಿಕೊಂಡು ಹೋಗುವ ಈ ಪ್ರಕಾರವನ್ನು ನಾವು ಇಲ್ಲಿ ‘ಕಥನಕ್ರೀಡೆ’ ಎಂದು ಕರೆಯುತ್ತೇವೆ.

ಇಂತಹ ವಿಷಯ ಕನ್ನಡ ಪೀಠವೊಂದರ ಪತ್ರಿಕೆಗೆ ಸಲ್ಲುವುದೇ ಎಂಬ ಶಂಕೆ ಸಹಜ. ಹೊರನಾಡಿನ ಕನ್ನಡ ಮಕ್ಕಳು ದೀರ್ಘ ವೀರಕಥನವೊಂದನ್ನು ಆದಿಯಿಂದ ಅಂತ್ಯದವರೆಗೆ ಅನುಸರಿಸುವ ಅನುಭವವನ್ನು ಮೊದಲ ಬಾರಿಗೆ ಪಡೆಯುವುದು ಇಂದು ಗಮಕವಾಚನದಿಂದಲೋ ಯಕ್ಷಗಾನದಿಂದಲೋ ಆಗಿರಬೇಕೆಂದಿಲ್ಲ. ಅದು ಇಂತಹ ಆಟದಿಂದಲೂ ಆಗಬಹುದು. ಹಾಗಿರುವಾಗ ಅವರ ಕೈಯಲ್ಲಿರುವ ಪಾಠ ಯಾವುದೆಂದು ವಿಚಾರಿಸುವುದು ಸಾಹಿತ್ಯಾಭ್ಯಾಸಿಗಳ ಕರ್ತವ್ಯವೇ ಆಗುತ್ತದೆ.

2

ಎನಿಕ್ಸ್ ಸಂಸ್ಥೆಯ ‘ಡ್ರ್ಯಾಗನ್ ಕ್ವೆಸ್ಟ್’ 1986ರಲ್ಲೂ ಸ್ಕ್ವೇರ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ’ 1987ರಲ್ಲೂ ಜಪಾನಿನಲ್ಲಿ ಪ್ರಕಟವಾದವು. ಇವೆರಡೂ ಸಂಸ್ಥೆಗಳು 2003ರಲ್ಲಿ ಒಂದಾಗಿ ಸ್ಕ್ವೇರ್ ಎನಿಕ್ಸ್ ಆದವು. ಈ ಕೃತಿಗಳು ಜಪಾನಿನಲ್ಲಿ ಮನೆಮಾತಾಗಿದ್ದ ಕಾಲದಲ್ಲಿ ಮುಂಬಯಿಯ ಮಧ್ಯಮವರ್ಗದ ಮನೆಗಳಿಗೆ ಬಂದದ್ದು ಬಹುಪಾಲು ಜಪಾನೀ ಯಂತ್ರದ ಅಗ್ಗದ ನಕಲುಗಳು. ಲ್ಯಾಮಿಂಗ್ಟನ್ ರಸ್ತೆಯಲ್ಲೂ ಮನೀಶ್ ಮಾರ್ಕೆಟ್ಟಿನಲ್ಲೂ ದೊರೆಯುತ್ತಿದ್ದ, ಒಂದರಲ್ಲೇ ಸಾವಿರಾರು ಆಟಗಳಿವೆಯೆಂದು ಹೇಳಿಕೊಳ್ಳುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಓಡುವ, ಜಿಗಿಯುವ, ಗುಂಡು ಹಾರಿಸುವ ಆಟಗಳೇ ತುಂಬಿರುತ್ತಿದ್ದವು. ಕಥನಕ್ರೀಡೆ ಒಂದು ಬೈಠಕ್ಕಿನಲ್ಲಿ ಮುಗಿಯುವಂಥದಲ್ಲ. ನಿಲ್ಲಿಸಿದ ಸ್ಥಳವನ್ನು ನೆನಪಿಡುವ ವ್ಯವಸ್ಥೆ ಅದಕ್ಕೆ ಬೇಕು, ಆ ಅಗ್ಗದ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಅದು ಇರುತ್ತಿರಲಿಲ್ಲ. ಆದುದರಿಂದ ಜಪಾನೀ ಕ್ರೀಡೆ ಮುಂಬಯಿಗೆ ಬಂದರೂ ಜಪಾನೀ ಕಥನ ಬರಲಿಲ್ಲ.

ಆ ಕಥನಕ್ಕೆ ಬಾಗಿಲು ತೆರೆದದ್ದು ಮೊಬೈಲ್. ‘ಫೈನಲ್ ಫ್ಯಾಂಟಸಿ’ಯ ಮೂರನೆಯ ಭಾಗ 2011ರಲ್ಲೂ, ನಾಲ್ಕನೆಯದರ ಮೂರು ಆಯಾಮದ ಮರುನಿರ್ಮಾಣ 2012ರ ಡಿಸೆಂಬರಿನಲ್ಲೂ ಐಫೋನಿಗೆ ಬಂದವು. ‘ಡ್ರ್ಯಾಗನ್ ಕ್ವೆಸ್ಟ್’ನ ಎಂಟನೆಯ ಭಾಗದ ಇಂಗ್ಲಿಷ್ ಮೊಬೈಲ್ ಆವೃತ್ತಿ 2014ರಲ್ಲೂ ಐದನೆಯದು 2015ರಲ್ಲೂ ಪ್ರಕಟವಾದವು. 2016ರ ಸೆಪ್ಟೆಂಬರಿನಲ್ಲಿ ರಿಲಯನ್ಸ್ ಜಿಯೋ ಆರಂಭವಾಗಿ ಅಂತರ್ಜಾಲದ ದರ ಕುಸಿದ ಮೇಲೆ ಡೊಂಬಿವಲಿ, ನಾಲಾಸೋಪಾರಾಗಳಂತಹ ದೂರದ ಉಪನಗರಗಳಲ್ಲೂ ಇವನ್ನು ಇಳಿಸಿಕೊಳ್ಳುವುದು ಸುಲಭಸಾಧ್ಯವಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಮೆರಿಕದ ಆಟಗಾರನಿಗೆ ಮರುನಿರ್ಮಾಣವೆಂದರೆ ಬಾಲ್ಯದಲ್ಲಿ ಆಡಿದ್ದನ್ನು ಮತ್ತೆ ಕಾಣುವುದು. ಮುಂಬಯಿಯ ತರುಣನಿಗೆ ಬಹುಮಟ್ಟಿಗೆ ಅದೇ ಪ್ರಥಮ ದರ್ಶನ. ಅವನ ಪಾಲಿಗೆ ಮೂಲವೆಂಬುದು ಬರಲೇ ಇಲ್ಲ, ಅವನಿಗೆ ಮರುನಿರ್ಮಾಣವೇ ಮೂಲ. ಆದ್ದರಿಂದ ಇದು ಮೂಲಕ್ಕೆ ನಿಷ್ಠವೋ ಅಲ್ಲವೋ ಎಂಬ ಪಶ್ಚಿಮದ ವಿಮರ್ಶೆಯ ನಿತ್ಯಪ್ರಶ್ನೆ ನಮಗೆ ಅಷ್ಟಾಗಿ ಒದಗುವುದಿಲ್ಲ. ಪಂಪನು ವ್ಯಾಸನಿಗೆ ನಿಷ್ಠನಾಗಿದ್ದನೇ ಎಂಬುದನ್ನಷ್ಟೇ ಅಳೆಯುವ ವಿಮರ್ಶೆಯೂ ಬಹುದೂರ ಹೋಗಲಾರದಷ್ಟೆ.

3

ಪಶ್ಚಿಮಕ್ಕೆ ಬಂದ ಪಾಠಗಳು ಹೇಗಿದ್ದವೆಂಬುದನ್ನು ಕೆಲವು ನಿದರ್ಶನಗಳಿಂದ ನೋಡಬಹುದು. ‘ಫೈನಲ್ ಫ್ಯಾಂಟಸಿ’ಯ ಎರಡು ಮತ್ತು ಮೂರನೆಯ ಭಾಗಗಳು ಆ ಕಾಲದಲ್ಲಿ ಅಮೆರಿಕವನ್ನು ತಲುಪಲಿಲ್ಲ. ಅದರ ಫಲವಾಗಿ 1991ರ ನಾಲ್ಕನೆಯ ಭಾಗ ಅಲ್ಲಿ ‘ಎರಡು’ ಎಂದೂ, 1994ರ ಆರನೆಯ ಭಾಗ ‘ಮೂರು’ ಎಂದೂ ಪ್ರಕಟವಾದವು. 1997ರ ಏಳನೆಯ ಭಾಗದಿಂದ ಮಾತ್ರ ಎಣಿಕೆ ಸರಿಹೋಯಿತು. ಪರ್ವಗಳ ಕ್ರಮವೇ ತಪ್ಪಿದ ಪ್ರತಿಯೊಂದು ತಲೆಮಾರಿನವರೆಗೆ ಪ್ರಮಾಣವಾಗಿ ನಡೆದಂತೆ ಇದು.

ಮತಸಂಬಂಧವಾದ ಮಾತುಗಳನ್ನು ಅಮೆರಿಕದ ಆವೃತ್ತಿಗಳಲ್ಲಿ ತೆಗೆಯಲಾಯಿತು. ‘ಹೋಲಿ’ ಎಂಬ ಮಂತ್ರ ನಾಲ್ಕನೆಯ ಭಾಗದಲ್ಲಿ ‘ವೈಟ್’ ಆಯಿತು, ಆರನೆಯದರಲ್ಲಿ ‘ಪರ್ಲ್’ ಆಯಿತು. ಪ್ರಾರ್ಥನೆಯ ಗೋಪುರ ಹಾರೈಕೆಯ ಗೋಪುರವಾಯಿತು. ಆರನೆಯ ಭಾಗದ ಪಬ್ಬುಗಳ ಮೇಲೆ ‘ಕೆಫೆ’ ಎಂಬ ಫಲಕ ಬಂದಿತು. ಹೋಟೆಲ್ ಉದ್ಯಮದಲ್ಲಿ ತಲೆಮಾರುಗಳನ್ನು ಕಳೆದ ಮುಂಬಯಿಯ ನಮ್ಮ ಜನಕ್ಕೆ ಇವೆರಡರ ನಡುವಣ ಅಂತರವನ್ನು ವಿವರಿಸಬೇಕಾಗಿಲ್ಲ.

ಇವೆಲ್ಲ ವರ್ಜಿಸಬೇಕಾದ ಅಪಪಾಠಗಳೇ ಎಂದರೆ ಹಾಗೂ ಹೇಳಲಾಗದು. ಆರನೆಯ ಭಾಗದ ನಾಯಕಿಗೆ ಜಪಾನೀ ಪಾಠದಲ್ಲಿ ಟೀನಾ ಎಂದು ಹೆಸರು. ಜಪಾನೀ ಕಿವಿಗೆ ದೂರದೇಶದ್ದೆನಿಸುವ ಈ ಹೆಸರು ಅಮೆರಿಕದಲ್ಲಿ ನೆರೆಮನೆಯ ಹುಡುಗಿಯದೆನಿಸುತ್ತದೆ. ಅನುವಾದಕ ಟೆಡ್ ವುಲ್ಸಿ 1994ರಲ್ಲಿ ಆಕೆಯನ್ನು ಟೆರ್ರಾ ಎಂದು ಕರೆದರು. ಅನಂತರದ ಇಂಗ್ಲಿಷ್ ಪಾಠಗಳು ಅನುವಾದವನ್ನು ತಿದ್ದಿ ‘ಹೋಲಿ’ಯನ್ನು ಮರಳಿ ತಂದರೂ ಟೆರ್ರಾಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡವು. ಇನ್ನೂ ಸ್ವಾರಸ್ಯವಾದದ್ದು ‘ಡ್ರ್ಯಾಗನ್ ಕ್ವೆಸ್ಟ್’ನ ಪುರಾತನ ವೀರನ ಹೆಸರು. ಜಪಾನಿನ ಲೋತೊ 1989ರ ಅಮೆರಿಕದ ಪಾಠದಲ್ಲಿ ಎರ್ಡ್ರಿಕ್ ಆದ. 2000ದ ಗೇಮ್ ಬಾಯ್ ಪಾಠದಲ್ಲಿ ಮೂಲದ ಲೋತೊ ಮರಳಿದ. 2014ರ ಮೊಬೈಲ್ ಪಾಠದಲ್ಲಿ ಪುನಃ ಎರ್ಡ್ರಿಕ್ಕನೇ ಬಂದ. ಒಮ್ಮೆ ಬಿಟ್ಟ ಪಾಠವನ್ನು ರೂಢಿಯ ಬಲದಿಂದ ಮತ್ತೆ ಸ್ವೀಕರಿಸಬೇಕಾಗಿ ಬಂದ ಈ ಪ್ರಸಂಗ ಗ್ರಂಥಸಂಪಾದಕರಿಗೆ ಪರಿಚಿತವಾದದ್ದೇ. ಅರ್ಥಾತ್, ಪಶ್ಚಿಮದ ಬಿಡುಗಡೆಯೆಂಬುದು ಮೂಲದ ಬರಿಯ ನೆರಳಲ್ಲ. ತನ್ನದೇ ರೂಢಿಗಳನ್ನು ಬೆಳೆಸಿಕೊಂಡಿರುವ ಒಂದು ಸ್ವತಂತ್ರ ಶಾಖೆ. ಮುಂಬಯಿಗೆ ಬಂದಿರುವುದು ಈ ಶಾಖೆಯ ಕೊನೆಯ ಚಿಗುರು.

4

ಮೊಬೈಲ್ ಪಾಠ ಈ ಶಾಖೆಗೆ ಏನನ್ನು ಕೂಡಿಸಿತು? ಮೊದಲನೆಯದು ಆಕಾರ. ‘ಡ್ರ್ಯಾಗನ್ ಕ್ವೆಸ್ಟ್’ನ ಮೊಬೈಲ್ ಆವೃತ್ತಿಗಳನ್ನು ಫೋನನ್ನು ನೆಟ್ಟಗೆ ಹಿಡಿದು ಒಂದೇ ಕೈಯಲ್ಲಿ ಆಡಬಹುದು. ಇನ್ನೊಂದು ಕೈಯಲ್ಲಿ ರೈಲಿನ ಹಿಡಿಯನ್ನು ಹಿಡಿದು ನಿಲ್ಲಬೇಕಾದವರಿಗೆ ಇದು ಹೇಳಿಮಾಡಿಸಿದಂತಿದೆ. ಈ ವಿಷಯದಲ್ಲಿ ಟೋಕಿಯೊಗೂ ಕುರ್ಲಾಕ್ಕೂ ಭೇದವಿಲ್ಲ. ಎರಡನೆಯದು ಕಾಲ. ಹಲವು ಮೊಬೈಲ್ ಪಾಠಗಳಲ್ಲಿ ಯುದ್ಧಗಳನ್ನು ತಾವಾಗಿಯೇ ನಡೆಯಲು ಬಿಡಬಹುದು, ಕಥೆಯನ್ನು ಆಗಾಗ ನಿಲ್ಲಿಸಿ ಮುಂದುವರಿಸಬಹುದು. ಇದರಿಂದ ಕೃತಿಯ ಗಾಂಭೀರ್ಯ ಕೆಟ್ಟಿತೆಂದು ಆಕ್ಷೇಪಿಸುವವರುಂಟು. ಇಡೀ ರಾತ್ರಿಯ ಯಕ್ಷಗಾನ ಕಾಲಮಿತಿಗೆ ಒಳಪಟ್ಟಾಗಲೂ ಇದೇ ಆಕ್ಷೇಪ ಕೇಳಿಬಂದಿತ್ತು. ಸಭಾಂಗಣದ ಬಾಡಿಗೆಯೂ ಕೊನೆಯ ಲೋಕಲ್ ರೈಲೂ ಭಾಗವತರಿಗಿಂತ ದೊಡ್ಡ ನಿರ್ದೇಶಕರಾಗಿರುವ ಮುಂಬಯಿಯಂತಹ ನಗರದಲ್ಲಿ ಪ್ರಸಂಗ ಉಳಿಯಲು ಸಂಕ್ಷೇಪವೂ ನೆರವಾಗುತ್ತದೆ. ಸಂಕ್ಷೇಪ ಸ್ವತಃ ದೋಷವಲ್ಲ. ಯಾವ ಪದ್ಯವನ್ನು ಬಿಟ್ಟರೆಂಬುದರಲ್ಲಿ ಭಾಗವತನ ವಿವೇಕ ತಿಳಿಯುತ್ತದೆ.

ಈ ಮಾನದಂಡದಿಂದ ನೋಡಿದರೆ ನಾಲ್ಕನೆಯ ‘ಫೈನಲ್ ಫ್ಯಾಂಟಸಿ’ಯ ಮೂರು ಆಯಾಮದ ಪಾಠ ಶ್ಲಾಘ್ಯವಾದದ್ದು. 2007ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ರಚಿತವಾಗಿ ಮೊಬೈಲಿಗೆ ಬಂದ ಇದರಲ್ಲಿ ಪಾತ್ರಗಳಿಗೆ ಧ್ವನಿ ದೊರೆತಿದೆ, 1991ರ ಇಂಗ್ಲಿಷಿನ ಕೊರತೆಗಳನ್ನು ಹೊಸ ಅನುವಾದ ಬಹುಮಟ್ಟಿಗೆ ತುಂಬಿದೆ. ಆದರೂ ವೃದ್ಧ ಋಷಿಯೊಬ್ಬನು ಗಾಯಕ ರಾಜಕುಮಾರನನ್ನು ಬಯ್ಯುವ ಹಳೆಯ ವಿಚಿತ್ರ ಬೈಗುಳವನ್ನು ಅನುವಾದಕರು ಬೇಕೆಂದೇ ಉಳಿಸಿಕೊಂಡಿದ್ದಾರೆ, ಏಕೆಂದರೆ ಅದು ಆಗಲೇ ಓದುಗರ ಸ್ವತ್ತಾಗಿತ್ತು. ತಿದ್ದುಪಡಿಯೂ ರೂಢಿಯ ಗೌರವವೂ ಹೀಗೆ ಒಂದೆಡೆ ಸೇರುವುದು ವಿರಳ. ಇದಕ್ಕೆ ಪ್ರತಿಯಾಗಿ ಏಳನೆಯ ಭಾಗದ ಕಥೆಯನ್ನು ಬಿಡಿಬಿಡಿ ಅಧ್ಯಾಯಗಳಲ್ಲಿ ಮರುಕಥಿಸುವ, 2023ರಲ್ಲಿ ಬಂದ ‘ಎವರ್ ಕ್ರೈಸಿಸ್’ನಲ್ಲಿ ವೀರರ ಆಯುಧಗಳನ್ನು ಚೀಟಿ ಎತ್ತುವ ಕ್ರಮದಲ್ಲಿ ಪಡೆಯಬೇಕಾಗುತ್ತದೆ. ಪಾತ್ರದ ಶಕ್ತಿ ಅದರ ಅನುಭವದಿಂದ ಬೆಳೆಯುತ್ತದೆ ಎಂಬುದು ಈ ಪ್ರಕಾರದ ಮೂಲತತ್ತ್ವ. ಆ ಸ್ಥಾನದಲ್ಲಿ ಅದೃಷ್ಟವೂ ಹಣವೂ ಬಂದು ಕುಳಿತಾಗ ಕಥನ ಉಳಿದರೂ ಅದರ ನೀತಿ ಉಳಿಯುವುದಿಲ್ಲ. ಮುಂಬಯಿಯ ಹಿರಿಯರಿಗೆ ಮಟಕಾದ ನೆನಪಾದರೆ ಆಶ್ಚರ್ಯವಿಲ್ಲ.

5

ನಮ್ಮ ಮುಖ್ಯ ಆಕ್ಷೇಪ ಬೇರೆಯೇ ಇದೆ. 2021ರ ಜುಲೈಯಿಂದ 2022ರ ಫೆಬ್ರವರಿಯವರೆಗೆ ಸ್ಕ್ವೇರ್ ಎನಿಕ್ಸ್ ಮೊದಲ ಆರು ಭಾಗಗಳನ್ನು ‘ಪಿಕ್ಸೆಲ್ ರಿಮಾಸ್ಟರ್’ ಎಂಬ ಹೆಸರಿನಲ್ಲಿ ಮೊಬೈಲ್ ಮತ್ತು ಗಣಕಯಂತ್ರಗಳಿಗೆ ಹೊರತಂದಿತು. ಆದಿರೂಪಕ್ಕೆ ಮರಳುವುದು ಇದರ ಆಶಯ. ಐದನೆಯ ಭಾಗಕ್ಕೆ 2006ರಲ್ಲಿ ಸೇರಿ, 2013ರ ಮೊಬೈಲ್ ಪಾಠದಲ್ಲೂ ಉಳಿದಿದ್ದ ನಾಲ್ಕು ಹೊಸ ವೃತ್ತಿಗಳನ್ನು ಇಲ್ಲಿ ಕೈಬಿಡಲಾಗಿದೆ. ಇತರ ಭಾಗಗಳಿಗೆ ನಡುವೆ ಸೇರಿಕೊಂಡಿದ್ದ ಗುಹೆಗಳೂ ಪ್ರತಿವೀರರೂ ಹಾಗೆಯೇ ಹೊರನಡೆದಿದ್ದಾರೆ. ಪ್ರಕ್ಷಿಪ್ತಗಳನ್ನು ಕಳೆದು ಶುದ್ಧಪಾಠವನ್ನು ಕೊಡುವ ಪರಿಷ್ಕರಣದ ಕಾರ್ಯವೇ ಇದು. ವಿಚಿತ್ರವೆಂದರೆ, ಚಿತ್ರ ಮತ್ತು ವಸ್ತುವಿನಲ್ಲಿ ಹಿಂದಕ್ಕೆ ಹೋದ ಸಂಪಾದಕರು ಇಂಗ್ಲಿಷ್ ಮಾತಿನಲ್ಲಿ ಹಿಂದಕ್ಕೆ ಹೋಗಿಲ್ಲ. ಆರನೆಯ ಭಾಗದ ಮಾತು 1994ರದಲ್ಲ, ಅನಂತರದ ಅನುವಾದದ ವಂಶಕ್ಕೆ ಸೇರಿದ್ದು. ಹೀಗೆ ನಮ್ಮ ಕೈಗೆ ಬಂದಿರುವುದು ಒಂದು ಮಿಶ್ರಪಾಠ.

ಮಿಶ್ರಪಾಠ ಕೊಟ್ಟದ್ದು ಅಪರಾಧವಲ್ಲ, ಎಷ್ಟೋ ಉತ್ತಮ ಸಂಪಾದನೆಗಳು ಅಂಥವೇ. ಆದರೆ ಸಂಪಾದಕನು ಬಿಟ್ಟ ಪಾಠಗಳನ್ನು ಪುಟದ ಕೆಳಗೆ ಕಾಣಿಸುತ್ತಾನೆ, ಬಳಸಿದ ಪ್ರತಿಗಳು ಎಲ್ಲಿವೆಯೆಂದು ತಿಳಿಸುತ್ತಾನೆ. ಇಲ್ಲಿ ಅಡಿಟಿಪ್ಪಣಿ ಇಲ್ಲ. ಅಷ್ಟೇ ಅಲ್ಲ, ಮೊಬೈಲ್ ಪಾಠದಿಂದ ಗಣಕಯಂತ್ರಕ್ಕೆ ಬಂದಿದ್ದ ಐದು ಮತ್ತು ಆರನೆಯ ಭಾಗಗಳನ್ನು 2021ರ ಜುಲೈಯಲ್ಲಿ ಸ್ಟೀಮ್ ಮಳಿಗೆಯ ಮಾರಾಟದಿಂದಲೇ ಹಿಂತೆಗೆದುಕೊಳ್ಳಲಾಯಿತು. ಹೊಸ ಪ್ರತಿ ಸಿದ್ಧವಾಯಿತೆಂದು ಹಳೆಯ ಓಲೆಯನ್ನು ಹೊಳೆಗೆ ಬಿಟ್ಟಂತಾಯಿತು. ಕಾಲದ ಗೆದ್ದಲು ಬೇರೆ ಇದೆ: 2017ರಲ್ಲಿ ಆಪಲ್ ಸಂಸ್ಥೆಯ ಫೋನುಗಳು 32 ಬಿಟ್ ತಂತ್ರಾಂಶಗಳನ್ನು ನಡೆಸುವುದನ್ನು ನಿಲ್ಲಿಸಿದಾಗ ಪರಿಷ್ಕಾರಗೊಳ್ಳದ ಆಟಗಳೆಲ್ಲ ತೆರೆಯದಾದವು. ಹಣ ಕೊಟ್ಟು ಕೊಂಡವರ ಗತಿಯೇ ಇದಾದರೆ, ಸಂಸ್ಥೆಯ ಸರ್ವರನ್ನು ನಂಬಿದ ಆಟಗಳದ್ದು ಇನ್ನೂ ಕಷ್ಟ. ಹಳೆಯ ಭಾಗಗಳ ಪ್ರಸಂಗಗಳನ್ನು ಪೋಣಿಸಿದ್ದ ‘ರೆಕಾರ್ಡ್ ಕೀಪರ್’ನ ಇಂಗ್ಲಿಷ್ ಸೇವೆ 2015ರಲ್ಲಿ ಆರಂಭವಾಗಿ 2022ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಜಪಾನೀ ಪಾಠ ಅದಾದ ಮೇಲೂ ನಡೆಯಿತು. ಇಂಗ್ಲಿಷ್ ಶಾಖೆಯ ಮಾತ್ರದ ಲೋಪ ಇದು. ‘ದಾಖಲೆ ಕಾಯುವವ’ ಎಂಬ ಹೆಸರಿನ ಕೃತಿಗೇ ಈ ಗತಿ ಬಂದದ್ದು ವಿಪರ್ಯಾಸ.

6

ಕೊನೆಯದಾಗಿ ಭಾಷೆಯ ಪ್ರಶ್ನೆ. ಪಿಕ್ಸೆಲ್ ರಿಮಾಸ್ಟರ್ ಹನ್ನೆರಡು ಭಾಷೆಗಳಲ್ಲಿ ಲಭ್ಯವಿದೆ. ಥಾಯ್, ಕೊರಿಯನ್ ಮತ್ತು ಎರಡು ಬಗೆಯ ಚೀನೀ ಅವುಗಳಲ್ಲಿ ಸೇರಿವೆ. ಭಾರತದ ದೇಶಭಾಷೆಗಳಲ್ಲಿ ಒಂದೂ ಇಲ್ಲ. ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ, ಕನ್ನಡವೂ ಅವುಗಳಲ್ಲೊಂದು. ಬಹುಭಾಷೆಗಳನ್ನು ಹೀಗೆ ಸಹಜವಾಗಿ ಅಂಗೀಕರಿಸಿದ ನಗರಕ್ಕೆ ಈ ಕಥನಗಳು ಅಮೆರಿಕದ ಅಳತೆಗೆ ಹೊಲಿದ ಇಂಗ್ಲಿಷ್ ಅಂಗಿಯನ್ನೇ ತೊಟ್ಟು ಬರುತ್ತಿವೆ. ಹಿಂದೆ ತಾಂತ್ರಿಕ ಕಾರಣಗಳಿದ್ದವು. ಎಂಟೆಂಟು ಚುಕ್ಕೆಗಳ ಚೌಕದಲ್ಲಿ ಜಪಾನಿನ ಕಾನಾ ಅಕ್ಷರ ಹಿಡಿಯುತ್ತಿತ್ತು, ನಮ್ಮ ಒತ್ತಕ್ಷರ ಹಿಡಿಯುತ್ತಿರಲಿಲ್ಲ. ಆದರೆ ನಾಲ್ಕನೆಯ ಭಾಗ ಪ್ರಕಟವಾದ 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು, ಇಂದಿನ ಫೋನುಗಳು ಕನ್ನಡವನ್ನು ತೊಡಕಿಲ್ಲದೆ ತೋರಿಸುತ್ತವೆ. ಉಳಿದಿರುವುದು ಇಚ್ಛೆಯ ಮತ್ತು ಮಾರುಕಟ್ಟೆಯ ಪ್ರಶ್ನೆ ಮಾತ್ರ.

ಪರಭಾಷೆಯ ಕಥನವನ್ನು ತನ್ನದನ್ನಾಗಿ ಮಾಡಿಕೊಳ್ಳುವ ಕಲೆ ಕನ್ನಡಕ್ಕೆ ಸಿದ್ಧಿಸಿದ್ದು ಇಂದುನಿನ್ನೆಯಲ್ಲ. ಬಾಣನ ಗದ್ಯವನ್ನು ನಾಗವರ್ಮನು ಚಂಪುವಾಗಿಸಿದನು, ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದನ್ನು ತಿಮ್ಮಣ್ಣಕವಿ ಮುಂದುವರಿಸಿದನು. ಅವರಿಗೆ ಯಾರ ಪರವಾನಗಿಯೂ ಬೇಕಿರಲಿಲ್ಲ, ಇಂದು ಬೇಕು. ಆದುದರಿಂದ ಕನ್ನಡ ಪಾಠ ಬರುವವರೆಗೆ ಕೈಕಟ್ಟಿ ಕುಳಿತಿರದೆ ಹೊರನಾಡಿನ ಸಂಶೋಧಕರು ಮಾಡಬಹುದಾದ ಕೆಲಸವೊಂದಿದೆ. ತಮ್ಮ ವಿದ್ಯಾರ್ಥಿಗಳು ಆಡಿದ ಪಾಠ ಯಾವುದು, ಯಾವ ವರ್ಷದ್ದು, ಅದರಲ್ಲಿ ಹೆಸರುಗಳೂ ಮಾತುಗಳೂ ಹೇಗಿದ್ದವು ಎಂಬುದನ್ನು ಪಾಠಾಂತರಗಳೊಡನೆ ಕನ್ನಡದಲ್ಲಿ ದಾಖಲಿಸಿಡಬೇಕು. ಪ್ರಕಾಶಕರು ಅಡಿಟಿಪ್ಪಣಿಯನ್ನು ಕೊಡದಿರುವಾಗ ಅದನ್ನು ಬರೆಯುವ ಹೊಣೆ ಓದುಗರದೇ ಆಗುತ್ತದೆ. ಓಲೆಯ ಕಾಲದಲ್ಲಿ ಈ ಕೆಲಸಕ್ಕೆ ಶತಮಾನಗಳ ಅವಕಾಶವಿತ್ತು. ಈಗಿನ ಪ್ರತಿಗಳ ಆಯುಸ್ಸು ಹತ್ತು ವರ್ಷವನ್ನು ಮೀರುವುದೇ ದುರ್ಲಭ.