ಕಿತ್ತಳೆ ಮರದ ಮೇಲೆ ರಾಣಿಯ ಹೆಸರು

ಜಯನಗರದ ಹಿರಿಯ ಸಂಗ್ರಾಹಕರೊಬ್ಬರ ಆಲ್ಬಮ್ಮಿನ ಒಂದು ಪುಟದಲ್ಲಿರುವುದು ಒಂದೇ ಕವರು. 1901ರಲ್ಲಿ ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಿಂದ ಹೊರಟು ಬಳ್ಳಾರಿಯ ಯುದ್ಧಕೈದಿಯೊಬ್ಬನಿಗೆ ಬಂದದ್ದು. ಬೋಯರ್ ಯುದ್ಧದಲ್ಲಿ ಸೆರೆಸಿಕ್ಕವರನ್ನು ಊರಲ್ಲೇ ಇಟ್ಟರೆ ತಪ್ಪಿಸಿಕೊಂಡು ಮತ್ತೆ ಬಂದೂಕು ಹಿಡಿದಾರೆಂದು ಬ್ರಿಟಿಷರು ಅವರನ್ನು ಸೇಂಟ್ ಹೆಲೆನಾ, ಸಿಲೋನ್, ಬರ್ಮುಡಾಗಳಿಗೆ ಸಾಗಹಾಕಿದರು. ಭಾರತಕ್ಕೂ ಕಳಿಸಿದರು. ಅಹಮದ್‌ನಗರ, ತಿರುಚಿರಾಪಳ್ಳಿಗಳಂತೆ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲೂ ಶಿಬಿರ ಎದ್ದಿತು.

ಕವರಿನ ಮೇಲಿರುವುದು ಬೋಯರರ ಗಣರಾಜ್ಯ ಆರೆಂಜ್ ಫ್ರೀ ಸ್ಟೇಟಿನ ನೇರಳೆ ಬಣ್ಣದ ಒಂದು ಪೆನ್ನಿ ಅಂಚೆಚೀಟಿ. ನಡುವೆ ಹಣ್ಣು ತುಂಬಿದ ಕಿತ್ತಳೆ ಮರ, ಜೊತೆಗೆ ಅಂಚೆಯ ಕಹಳೆಗಳು. 1868ರಿಂದ ಆ ಗಣರಾಜ್ಯ ಈ ಚಿತ್ರವನ್ನು ಬದಲಿಸಲೇ ಇಲ್ಲ. 1900ರ ಮಾರ್ಚಿನಲ್ಲಿ ರಾಜಧಾನಿ ಬ್ಲೂಮ್‌ಫಾಂಟೇನ್ ಬಿದ್ದಾಗ ಗೆದ್ದವರಿಗೂ ಹೊಸ ಚೀಟಿ ಮಾಡಿಸುವಷ್ಟು ವ್ಯವಧಾನವಿರಲಿಲ್ಲ. ಇದ್ದ ದಾಸ್ತಾನಿನ ಮೇಲೇ ಕಪ್ಪು ಮಸಿಯಲ್ಲಿ ವಿ.ಆರ್.ಐ. ಎಂದು, ಕೆಳಗೆ ಬೆಲೆಯನ್ನೂ ಒತ್ತಿಸಿದರು. ಅಂದರೆ ವಿಕ್ಟೋರಿಯಾ, ರಾಣಿ, ಚಕ್ರವರ್ತಿನಿ.

ಭೂತಕನ್ನಡಿ ಹಿಡಿದರೆ ರುಚಿ ಶುರು. ಮೊದಲು ಅಚ್ಚಾದವುಗಳಲ್ಲಿ ಚುಕ್ಕಿಗಳು ಅಕ್ಷರದ ಬುಡಕ್ಕೆ ಸರಿಯಾಗಿ ಕೂತಿವೆ, ಆಮೇಲಿನವುಗಳಲ್ಲಿ ಅರ್ಧಕ್ಕೆ ಏರಿವೆ. ಎರಡೂ ಬಗೆ ಬೆರೆತವೂ ಉಂಟು. ಚುಕ್ಕಿ ಎಲ್ಲಿದೆ ಎಂಬುದರ ಮೇಲೆ ಬೆಲೆ ಏರಿಳಿಯುತ್ತದೆ. ಸಾಸಿವೆಗಿಂತ ಸಣ್ಣದೊಂದು ಮಸಿಬೊಟ್ಟಿಗೆ ಜನ ಇಷ್ಟು ತಲೆ ಕೆಡಿಸಿಕೊಳ್ಳುವುದು ನನಗೆ ಮಾತ್ರ ಸ್ವಲ್ಪ ಅತಿ ಅನಿಸುತ್ತದೆ. ನನ್ನ ಕಣ್ಣು ನಿಲ್ಲುವುದು ಆ ಕಪ್ಪು ಅಕ್ಷರಗಳು ಮರವನ್ನು ಪೂರ್ತಿ ಮುಚ್ಚಿಲ್ಲ ಎಂಬಲ್ಲಿ. ಎಲೆ, ಕಾಂಡ ಎಲ್ಲ ಕಾಣುತ್ತಲೇ ಇವೆ. ಕಾಗದ ಹೊರಡುವ ಮುಂಚೆಯೇ, 1901ರ ಜನವರಿಯಲ್ಲಿ, ರಾಣಿಯೂ ತೀರಿಕೊಂಡಿದ್ದಳು. ಇಲ್ಲದ ರಾಣಿಯ ಹೆಸರು ಹೊತ್ತ, ಇಲ್ಲದ ರಾಜ್ಯದ ಚೀಟಿ. ಕೈದಿಗೆ ಮನೆಯ ಸುದ್ದಿ ಅದರ ಕೆಳಗೇ ಬರಬೇಕಿತ್ತು.

ಎಡ ಅಂಚಿನಲ್ಲಿ, ಸೈನಿಕ ಕಾನೂನಿನಡಿ ಬಿಚ್ಚಿ ನೋಡಿದ್ದೇವೆ ಎನ್ನುವ ಸೆನ್ಸಾರಿನ ಚೀಟಿ. ಅಂಟು ಒಣಗಿ ಕಂದಾಗಿದೆ. ತಿರುವಿ ಹಾಕಿದರೆ ಬಳ್ಳಾರಿಯ ಗುಂಡು ಸೀಲು, ತುಸು ಓರೆಯಾಗಿ ಬಿದ್ದಿದೆ. ಅಂಚೆಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತಿದ್ದರೆ ಇದ್ಯಾವುದೂ ಉಳಿಯುತ್ತಿರಲಿಲ್ಲ. ಅದಕ್ಕೇ ಈ ಹವ್ಯಾಸದಲ್ಲಿ ಪಳಗಿದವರು ಬಿಡಿ ಚೀಟಿಗಿಂತ ಇಡೀ ಕವರನ್ನೇ ಕೇಳುತ್ತಾರೆ.

ಮೊದಲ ಮಹಾಯುದ್ಧದಲ್ಲಿ ಬಳ್ಳಾರಿಗೆ ತುರ್ಕಿ ಕೈದಿಗಳೂ ಬಂದರು. ಅವರ ಟಪಾಲಿಗೆಂದು ಯಜಮಾನರು ಮುಂದಿನ ಪುಟ ಖಾಲಿ ಬಿಟ್ಟಿದ್ದಾರೆ. ಹುಡುಕಾಟ ನಡೆದಿದೆ, ಸಿಕ್ಕರೆ ಬೆಲೆ ಎಷ್ಟಾದರೂ ಸೈ ಅನ್ನುತ್ತಾರೆ, ಮನೆಯವರು ಪಕ್ಕದಲ್ಲಿಲ್ಲದಾಗ.