ಊರನ್ನು ಬಿಟ್ಟ ಕಾಯ್ದೆ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಕುರಿತು ಬರೆಯುವವರಲ್ಲಿ 1886ರ ಕ್ರಾಫ್ಟರುಗಳ ಹಿಡುವಳಿ ಕಾಯ್ದೆಗೆ ಸಲ್ಲುವ ಮರ್ಯಾದೆ ದೊಡ್ಡದು. ಹೈಲ್ಯಾಂಡ್ಸಿನ ಮ್ಯಾಗ್ನಾ ಕಾರ್ಟಾ ಎಂಬ ಬಿರುದೂ ಅದಕ್ಕಿದೆ. ಕ್ರಾಫ್ಟರುಗಳ ಸ್ಥಿತಿಗತಿಯನ್ನು ವಿಚಾರಿಸಿ ಎರಡು ವರ್ಷ ಮೊದಲು ಬಂದ ನೇಪಿಯರ್ ಆಯೋಗದ ವರದಿಯನ್ನಾದರೋ ಜಮೀನ್ದಾರರೇ ಹೆಚ್ಚಿದ್ದ ಕೂಟದ ಅಳುಕಿನ ಬರಹವೆಂದು ಬದಿಗಿಡುವುದು ರೂಢಿ. ನಾನು ಇದನ್ನು ಒಪ್ಪಲಾರೆ. ಕಾಯ್ದೆಗೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಯನ್ನು ಮೀರಿದ್ದು. ವರದಿಯ ಒಂದು ಭಾಗಕ್ಕೆ ಸಲ್ಲಬೇಕಾದದ್ದು ಇನ್ನೂ ಸಂದಿಲ್ಲ.

ಕಾಯ್ದೆ ಏನು ಕೊಟ್ಟಿತೆಂಬುದರಲ್ಲಿ ತಕರಾರಿಲ್ಲ. ವರ್ಷದಿಂದ ವರ್ಷಕ್ಕೆ ಧಣಿಯ ಮರ್ಜಿಯಲ್ಲಿ ಬದುಕುತ್ತಿದ್ದ ಸಣ್ಣ ಹಿಡುವಳಿಯ ಗೇಣಿದಾರ, ನಮ್ಮ ಕರಾವಳಿಯ ಮಾತಿನಲ್ಲಿ ಚಾಲಗೇಣಿಯವನು, ಹೆಚ್ಚುಕಡಿಮೆ ಮೂಲಗೇಣಿಯವನಾದ. ಮನಸ್ಸಿಗೆ ಬಂದಂತೆ ಒಕ್ಕಲೆಬ್ಬಿಸುವುದು ನಿಂತಿತು. ನ್ಯಾಯವಾದ ಗೇಣಿಯನ್ನು ಆಯೋಗವೊಂದು ಗೊತ್ತುಮಾಡತೊಡಗಿತು. ಹಿಡುವಳಿ ಮಕ್ಕಳಿಗೆ ಇಳಿಯುವಂತಾಯಿತು. ಕುರಿಗಾಗಿ ಮನುಷ್ಯರನ್ನು ಗುಡಿಸಿಹಾಕಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಆ ಕಾಯ್ದೆಯ ವ್ಯಾಖ್ಯೆಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಕ್ರಾಫ್ಟರ್ ಎಂದರೆ ಯಾರು? ಕ್ರಾಫ್ಟಿಂಗ್ ಪ್ಯಾರಿಷ್‌ನಲ್ಲಿ ವರ್ಷಾವಧಿ ಗೇಣಿಗೆ ಭೂಮಿ ಹಿಡಿದು, ಅಲ್ಲೇ ವಾಸವಾಗಿ, 30 ಪೌಂಡು ಮೀರದ ಗೇಣಿ ಕೊಡುವವನು. ಹಾಗಾದರೆ ಕ್ರಾಫ್ಟಿಂಗ್ ಪ್ಯಾರಿಷ್ ಯಾವುದು? ಅಂಥ ಗೇಣಿದಾರರು ಈಗಲೂ ಇರಬೇಕು; ಜೊತೆಗೆ ಇತರರೊಡನೆ ಸೇರಿ ದನಕುರಿ ಮೇಯಿಸುವ ಹಕ್ಕಿದ್ದ ಹಿಡುವಳಿಗಳು ಈಗ ಇರಬೇಕು, ಇಲ್ಲವೇ ಹಿಂದಿನ 80 ವರ್ಷಗಳಲ್ಲಿ ಇದ್ದಿರಬೇಕು. 1886ರಿಂದ 80 ಕಳೆದರೆ 1806. ಸದರ್ಲೆಂಡಿನ ಸ್ಟ್ರಾತ್‌ನೇವರ್ ಕಣಿವೆಯನ್ನು ಬರಿದುಮಾಡಿದ ವರ್ಷಗಳು ಅದರೊಳಗೇ ಬರುತ್ತವೆ. ಅಂದರೆ ಕಳೆದುಹೋದ ಸಾಮೂಹಿಕ ಹುಲ್ಲುಗಾವಲಿನ ನೆನಪನ್ನೇ ಕಾಯ್ದೆ ತನ್ನ ಗಡಿಕಲ್ಲು ಮಾಡಿಕೊಂಡಿತು. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವುದು ಊರೊಟ್ಟಿನ ಮೇವು. ಒಳಗೆ ಬಂದ ಮೇಲೆ ಮಾತ್ರ ಊರು ಎಲ್ಲೂ ಇಲ್ಲ, ಹಕ್ಕೆಲ್ಲ ಒಬ್ಬೊಬ್ಬನದು. ಬಹುವಚನ ಗಂಭೀರವಾಗಿ ಬರುವುದು ಹಿಡುವಳಿ ವಿಸ್ತರಣೆಯ ಕಡೆ, ನೆರೆಯ ಐವರು ಅಥವಾ ಹೆಚ್ಚು ಮಂದಿ ಸೇರಿ ಅರ್ಜಿ ಹಾಕಬಹುದೆನ್ನುವಲ್ಲಿ. ಅಲ್ಲೂ ಅವರು ಐವರು ಅರ್ಜಿದಾರರು, ಊರಲ್ಲ. ತುಂಡು ಭೂಮಿಯೂ ಇಲ್ಲದ ಕಾಟರುಗಳ ಗತಿಯನ್ನಂತೂ ಹೇಳುವುದೇ ಬೇಡ.

ನೇಪಿಯರ್ ವರದಿ ಹಿಡಿದದ್ದು ಈ ಬಿಟ್ಟುಹೋದ ಊರನ್ನೇ. ಟೌನ್‌ಶಿಪ್, ಅಂದರೆ ಒಂದು ಹುಲ್ಲುಗಾವಲನ್ನು ಹಂಚಿಕೊಂಡ ಮನೆಗಳ ಗುಂಪನ್ನು, ಕಾನೂನು ಗುರುತಿಸಬೇಕೆಂದಿತು. ಊರಿನ ಪರವಾಗಿ ಮಾತಾಡಲು ಒಬ್ಬ ಕಾನ್‌ಸ್ಟೇಬಲ್. ಊರವರ ಒಪ್ಪಿಗೆಯಿಲ್ಲದೆ ಹುಲ್ಲುಗಾವಲು ಕುಗ್ಗಬಾರದು. ಉರುವಲಿಗೆ ಪೀಟ್ ಮಣ್ಣು, ಗೊಬ್ಬರಕ್ಕೆ ಕಡಲಪಾಚಿ. ಜನ ಕಿಕ್ಕಿರಿದಲ್ಲಿ ಊರಿನ ಎಲ್ಲೆಯನ್ನೇ ಹಿಗ್ಗಿಸುವ ದಾರಿ. ನಮ್ಮ ಗೋಮಾಳವನ್ನು ಇಲ್ಲಿ ನೆನೆಯಬಹುದು, ಆದರೆ ಗೋಮಾಳದ ಒಡೆತನ ಸರ್ಕಾರದ್ದು. ಹೈಲ್ಯಾಂಡ್ಸಿನಲ್ಲಿ ನೆಲ ಧಣಿಯದು, ಮೇವು ಊರಿನದು. ವರದಿಗೆ ಕಳಂಕವಿಲ್ಲವೆನ್ನಲಾರೆ. 6 ಪೌಂಡಿಗಿಂತ ಕಡಿಮೆ ಗೇಣಿಯ ಬಡವರಿಗೆ ಅದು ಭದ್ರತೆ ಕೇಳಲಿಲ್ಲ, ಅವರನ್ನು ಹಡಗು ಹತ್ತಿಸುವ ಮಾತಾಡಿತು. ಕ್ರಾಫ್ಟರುಗಳು ಸಿಟ್ಟಾದದ್ದು ಸರಿಯೇ.

ಈ ಊರಿನ ಕಲ್ಪನೆಯನ್ನು ನೇಪಿಯರನ ತಲೆಯ ಹುಳುವೆಂದು ತಳ್ಳಿಹಾಕುವವರೊಡನೆ ನನ್ನ ಜಗಳ. ಆಯೋಗದ ಅಧ್ಯಕ್ಷನಾಗಿದ್ದ ಅವನು 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್. ಆಗಿನ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅವನ ಆಡಳಿತದಲ್ಲಿದ್ದವು. ಇಂಡಿಯಾದ ಹಳ್ಳಿ ಸಮುದಾಯದ ಗುಂಗನ್ನು ಹೈಲ್ಯಾಂಡ್ಸಿಗೆ ಹೊತ್ತೊಯ್ದನೆಂಬ ವಿವರಣೆ ಅದರಿಂದ ಹುಟ್ಟುತ್ತದೆ. ಆ ಕಾಲದ ಇತಿಹಾಸಪ್ರಜ್ಞೆ ಐರ್ಲೆಂಡ್, ಸ್ಕಾಟ್ಲೆಂಡುಗಳ ಭೂ ಕಾನೂನನ್ನು ಹೇಗೆ ರೂಪಿಸಿತೆಂದು ಇತಿಹಾಸಕಾರ ಕ್ಲೈವ್ ಡ್ಯೂಯಿ 1974ರಲ್ಲಿ ಬರೆದ ಪ್ರಬಂಧ ಬೆಲೆಯುಳ್ಳದ್ದು. ಮದ್ರಾಸು ನೇಪಿಯರನ ಕಣ್ಣನ್ನು ತಿದ್ದಿರಬಹುದು. ಕಂಡದ್ದನ್ನು ಮದ್ರಾಸು ಹುಟ್ಟಿಸಲಿಲ್ಲ. ಆಯೋಗ 1883ರ ಮೇ 8ರಂದು ಮೊದಲ ಸಾಕ್ಷ್ಯ ಕೇಳಿದ್ದು ಸ್ಕೈ ದ್ವೀಪದ ಬ್ರೇಸ್‌ನಲ್ಲಿ. ಹಿಂದಿನ ವರ್ಷವಷ್ಟೇ ಆ ಊರವರು ಪೊಲೀಸರ ಮೇಲೆ ಕಲ್ಲು ಬೀರಿದ್ದರು. ಅದು ಗೇಣಿದರದ ಜಗಳವಾಗಿರಲಿಲ್ಲ. ತಮ್ಮಿಂದ ಕಸಿದ ಬೆನ್ ಲೀ ಗುಡ್ಡದ ಮೇವಿಗಾಗಿ ಊರಿಗೆ ಊರೇ ಎದ್ದಿತ್ತು. ಊರಿನ ಕಲ್ಪನೆ ಆಯೋಗದ ಎದುರಿಗೆ ಮೈತಳೆದು ನಿಂತಿತ್ತು. 775 ಸಾಕ್ಷಿಗಳ ಮಾತನ್ನು ಬಿಟ್ಟು ಗವರ್ನರನ ಪೂರ್ವಾಶ್ರಮವನ್ನು ಹುಡುಕುವ ವಿಮರ್ಶೆ ಕ್ರಾಫ್ಟರುಗಳ ಬಾಯಿಯನ್ನೇ ಮುಚ್ಚುತ್ತದೆ.

ಆಮೇಲಿನ ಕಾನೂನೆಲ್ಲ 1886ರ ಕಾಯ್ದೆ ಊರನ್ನು ಬಿಟ್ಟ ತೂತಿಗೆ ಹಾಕಿದ ತೇಪೆ. ಹುಲ್ಲುಗಾವಲಿನ ಉಸ್ತುವಾರಿಗೆ 1891ರಲ್ಲೇ ಬೇರೆ ಕಾಯ್ದೆ ಬೇಕಾಯಿತು. 1976ರ ಕಾಯ್ದೆ ವಾರ್ಷಿಕ ಗೇಣಿಯ 15 ಪಟ್ಟು ಕೊಟ್ಟು ಕ್ರಾಫ್ಟನ್ನು ಕೊಳ್ಳುವ ಹಕ್ಕು ಕೊಟ್ಟಿತು. ಒಬ್ಬೊಬ್ಬನ ಹಕ್ಕಿನ ತರ್ಕ ಮಾರುಕಟ್ಟೆಗೆ ಹೋಗಿ ಮುಟ್ಟಿತು. ಹಿಡುವಳಿಯಲ್ಲೇ ವಾಸವಿರಬೇಕೆಂದಿದ್ದ ಕರಾರು ಕಾಲಾಂತರದಲ್ಲಿ 16 ಕಿಲೋಮೀಟರ್ ಆಯಿತು, 2010ರ ಕಾಯ್ದೆಯಲ್ಲಿ 32. ಅಷ್ಟು ದೂರದಲ್ಲಿ ಕೂತವನು ಯಾರ ನೆರೆಯವ? 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತಿನ ಮುಂದೆ ಬಂದ ಮಸೂದೆ ಕ್ರಾಫ್ಟಿಂಗ್ ಕಾನೂನಿನ ಸಿಕ್ಕು ಬಿಡಿಸುತ್ತದೆ, ಭೂ ನ್ಯಾಯಾಲಯವನ್ನು ಲ್ಯಾಂಡ್ಸ್ ಟ್ರಿಬ್ಯುನಲ್ ಜೊತೆ ಕೂಡಿಸುತ್ತದೆ. ಕೆಲಸಕ್ಕೆ ಬರುವ ತಿದ್ದುಪಡಿಗಳೇ. ಆದರೆ ಅದೂ ಆರಂಭಿಸುವುದು ಒಬ್ಬ ಕ್ರಾಫ್ಟರನಿಂದ, ಊರಿನಿಂದಲ್ಲ. ಮುಂದಿನ ಸುಧಾರಣೆ ಬರೆಯುವವರು 1884ರ ವರದಿಯ ಟೌನ್‌ಶಿಪ್ ಭಾಗವನ್ನು ಮೇಜಿನ ಮೇಲಿಟ್ಟುಕೊಂಡು ಕೂರಲಿ.

1993ರಲ್ಲಿ ವಾಯವ್ಯ ಕರಾವಳಿಯ ಅಸಿಂಟ್‌ನ ಕ್ರಾಫ್ಟರುಗಳು ಒಟ್ಟಾಗಿ ಸುಮಾರು 21,000 ಎಕರೆಯ ಎಸ್ಟೇಟನ್ನು ಕೊಂಡುಕೊಂಡರು. ಒಂದು ಊರಾಗಿ ನೆಲ ಹಿಡಿಯಲು ಕ್ರಾಫ್ಟಿಂಗ್ ಕಾನೂನಿನಲ್ಲಿ ದಾರಿಯಿರಲಿಲ್ಲ. ಅವರು ಕಂಪನಿಯೊಂದನ್ನು ನೋಂದಾಯಿಸಿದರು.