ಗೂಫಿ ಅಪ್ಪನ ನಕಾಶೆ

1995ರ ‘ಎ ಗೂಫಿ ಮೂವಿ’ಯನ್ನು ನೆನೆಯುವವರು ಕಡಿಮೆ. ‘ಲಯನ್ ಕಿಂಗ್’ ಮತ್ತು ‘ಟಾಯ್ ಸ್ಟೋರಿ’ಗಳ ನಡುವೆ ಬಂದದ್ದಕ್ಕೋ ಏನೋ. ಕೆವಿನ್ ಲಿಮಾ ನಿರ್ದೇಶಿಸಿದ ಮೊದಲ ಚಿತ್ರವದು. ಮಗನನ್ನು ಮೀನು ಹಿಡಿಯಲು ಕರೆದೊಯ್ಯುವ ಹುಚ್ಚು ಅಪ್ಪ ಗೂಫಿಗೆ. ಲಾಸ್ ಏಂಜಲೀಸಿನ ಸಂಗೀತ ಕಾರ್ಯಕ್ರಮ ಸೇರಲು ಮಗ ಮ್ಯಾಕ್ಸ್ ನಕಾಶೆಯನ್ನೇ ತಿದ್ದುತ್ತಾನೆ. ಅದು ಗೊತ್ತಾದರೂ ಗೂಫಿ ಒಡನೆ ಬಯ್ಯುವುದಿಲ್ಲ. ಕವಲುದಾರಿ ಬಂದಾಗ ಎಡಕ್ಕೋ ಬಲಕ್ಕೋ ಎಂದು ಮಗನನ್ನೇ ಕೇಳುತ್ತಾನೆ. ತಂದೆಯ ನಂಬಿಕೆ, ನೋವು ಎರಡನ್ನೂ ಅಷ್ಟು ಚಿಕ್ಕ ಪ್ರಶ್ನೆಯಲ್ಲಿ ಹಿಡಿದ ಕಾರ್ಟೂನ್ ನಾನು ಬೇರೆ ನೋಡಿಲ್ಲ.

ನಮ್ಮಲ್ಲೂ ಇಂಥ ಪ್ರಯಾಣಗಳಿವೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆಂದು ಗಾಡಿ ನಿಲ್ಲಿಸುವ ಅಪ್ಪಂದಿರೂ, ಹಿಂದಿನ ಸೀಟಿನಲ್ಲಿ ಮುಖ ಗಂಟಿಕ್ಕಿಕೊಂಡ ಮಕ್ಕಳೂ ಈ ಚಿತ್ರವನ್ನು ಒಟ್ಟಿಗೆ ಕೂತು ನೋಡಲಿ. ಚಿತ್ರದ ಪೊಸಮ್ ಪಾರ್ಕಿನಲ್ಲಿ ಗೂಫಿ ಕುಣಿಯುವಾಗ ಇಬ್ಬರಿಗೂ ನಗು ಬರುತ್ತದೆ, ಬೇರೆ ಬೇರೆ ಕಾರಣಕ್ಕೆ.